ಅಕ್ಕನ ಮೊಳಕೆಕಾಳಿಗೆ ಬಿದಿರಿನ ಅಟ್ಟಣೆ

ಆ ವರ್ಷ ಯುಗಾದಿ ಇನ್ನೂ ದೂರವಿರುವಾಗಲೇ ಬಿಸಿಲು ಏರಿತ್ತು. ಬೆಳಗಿನ ಮೊದಲ ಬಸ್ಸಿಗೆ ಅಕ್ಕ ಮೊಳಕೆಕಾಳಿನ ಚೀಲಗಳನ್ನು ಹತ್ತಿಸಿಕೊಂಡು ನಾಗಮಂಗಲಕ್ಕೆ ಹೋಗಿದ್ದಳು. ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಕುಳಿತು ಬಿದಿರಿನ ಕುರ್ಚಿಯ ಕಾಲಿಗೆ ತೂತು ಕೊರೆಯುತ್ತಿದ್ದಾಗ ವಾಪಸು ಬಂದಳು. ಹೋಗುವಾಗ ಹೇಗಿದ್ದವೋ ಹಾಗೆಯೇ ಚೀಲಗಳು ತುಂಬಿಕೊಂಡಿದ್ದವು. ಒಂದು ಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಹಿಡಿದಳು. ಹುಳಿ ಬಂದ ಹಿಟ್ಟಿನಂಥ ವಾಸನೆ ಮೂಗಿಗೆ ಬಡಿಯಿತು. ಬೆಳಿಗ್ಗೆ ಬಿಳಿ ಬಾಲ ಬಿಟ್ಟುಕೊಂಡು ಚೆಂದವಾಗಿದ್ದ ಹುರುಳಿಕಾಳು ಲೋಳೆಯಾಗಿ ಕೈಗೆ ಅಂಟುತ್ತಿತ್ತು.

ನಮ್ಮದು ಕೆ.ಆರ್. ಪೇಟೆಯಿಂದ ಅಕ್ಕಿಹೆಬ್ಬಾಳಿನ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ, ಮರಗೆಲಸದ ಮನೆ. ಅಂಗಡಿಗಳಲ್ಲಿ ರೆಡಿಮೇಡ್ ಬಾಗಿಲುಗಳು ಬಂದು ಕುಳಿತ ಮೇಲೆ ನಾನು ಬಿದಿರಿನ ಕುರ್ಚಿ, ಟೀಪಾಯಿ, ಮಂಚಗಳ ಕೆಲಸಕ್ಕೆ ತಿರುಗಿಕೊಂಡಿದ್ದೆ. ಭಾವ ತೀರಿಕೊಂಡ ಮೇಲೆ ಅಕ್ಕ ನಾಗಮಂಗಲದ ಕಡೆಯಿಂದ ಊರಿಗೆ ಬಂದು ನಮ್ಮ ಜೊತೆಗೇ ಇದ್ದಳು. ಸುಮ್ಮನೆ ಕುಳಿತುಕೊಳ್ಳುವ ಜೀವವಲ್ಲ ಅದು. ಮನೆಯ ಸಾರಿಗೆಂದು ಕಟ್ಟುತ್ತಿದ್ದ ಮೊಳಕೆಕಾಳನ್ನು ಒಂದು ದಿನ ಪಕ್ಕದ ಮನೆಯವರು ಕೇಳಿದರು, ಆಮೇಲೆ ಬೀದಿಯವರು ಕೇಳಿದರು. ನೋಡನೋಡುತ್ತಿದ್ದಂತೆ ಪೇಟೆಯ ತರಕಾರಿ ಅಂಗಡಿಗೂ ಪಾಂಡವಪುರದ ಸಂತೆಗೂ ಅವಳ ಹೆಸರುಕಾಳು, ಹುರುಳಿಕಾಳು ಹೋಗತೊಡಗಿದವು. ನನ್ನ ಶೆಡ್ಡಿನ ಅರ್ಧ ಭಾಗವನ್ನು ಅವಳೇ ಹಿಡಿದುಕೊಂಡಳು. ನನ್ನ ಕಡೆಯ ಬಿದಿರಿನ ಪುಡಿ ಕಾಳಿನ ಮೇಲೆ ಹಾರಬಾರದೆಂದು ನಡುವೆ ಒಂದು ಟಾರ್ಪಾಲು ಕಟ್ಟಿಸಿದಳು. ಟಾರ್ಪಾಲಿನ ಆ ಕಡೆಯಿಂದ ಕಾಳಿನ ಜೊತೆ ಅವಳು ಮಾತಾಡುವುದು ನನಗೆ ದಿನವೂ ಕೇಳಿಸುತ್ತಿತ್ತು. ತಡವಾಗಿ ಮೊಳೆತ ಕಾಳಿಗೆ ಬೈಗುಳ, ಚೆನ್ನಾಗಿ ಬಂದದ್ದಕ್ಕೆ ಶಾಭಾಸ್‌ಗಿರಿ. ನನ್ನ ಹೆಂಡತಿ ಇದನ್ನು ಕೇಳಿ ಕೇಳಿ, ಅಕ್ಕ ನಮ್ಮ ಹಸುವಿಗಿಂತ ಕಾಳಿನ ಜೊತೆಗೇ ಹೆಚ್ಚು ಮಾತಾಡುತ್ತಾಳೆ ಎಂದು ನಗುತ್ತಿದ್ದಳು.

ನಾಗಮಂಗಲದ ಹತ್ತಿರ ಒಂದು ವಿದ್ಯಾರ್ಥಿ ಹಾಸ್ಟೆಲ್ಲಿನ ಅಡುಗೆ ಭಟ್ಟರು ಅಕ್ಕನ ಗಂಡನ ಮನೆಯ ಊರಿನವರು. ಅವರೇ ಮ್ಯಾನೇಜರಿಗೆ ಹೇಳಿ ವಾರಕ್ಕೆ ಎರಡು ಸಲ ಮೊಳಕೆಕಾಳು ಹಾಕುವ ಮಾತು ಕೊಡಿಸಿದ್ದರು. ಅಂಗಡಿಗೆ ಚಿಲ್ಲರೆ ಚಿಲ್ಲರೆಯಾಗಿ ಕೊಡುವುದಕ್ಕೂ, ಇಷ್ಟೊಂದು ಹುಡುಗರ ಊಟಕ್ಕೆ ನಾನೇ ಹಾಕುತ್ತೇನೆ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ಮಾತು ಸಿಕ್ಕ ದಿನ ಅಕ್ಕ ಹೊಸ ಸೀರೆ ಉಟ್ಟುಕೊಂಡು ಕಾಳು ತೊಳೆದಿದ್ದಳು. ಆ ಮೊದಲ ಹೊರೆಯೇ ಈಗ ಹಳಸಿ ವಾಪಸು ಬಂದಿತ್ತು.

ಮ್ಯಾನೇಜರು ಗದರಲಿಲ್ಲವಂತೆ. ಯುಗಾದಿ ರಜೆ ಮುಗಿಸಿಕೊಂಡು ಹುಡುಗರು ಬಂದ ಮೇಲೆ ಇನ್ನೊಂದು ಸಲ ತನ್ನಿ, ಆಗಲೂ ಹೀಗೇ ಆದರೆ ನಮಗೆ ಬೇಡ ಅಂದರಂತೆ. ಇದನ್ನೆಲ್ಲ ಹೇಳಿ ಅಕ್ಕ ಚೀಲಗಳನ್ನು ಹಸುವಿನ ಬಾನಿಗೆ ಸುರಿಯಲು ಹೋದಳು. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಅದನ್ನು ಕಂಡಾಗ ಮಾತ್ರ ಅವಳ ಮುಖ ಸಣ್ಣದಾಯಿತು.

ತಪ್ಪು ಎಲ್ಲಿ ಎಂದು ಹುಡುಕುವ ಕೆಲಸಕ್ಕೆ ಮಾರನೆಯ ದಿನವೇ ಕೂತೆವು. ಅಕ್ಕನ ಕ್ರಮದಲ್ಲಿ ನನಗೇನೂ ಕೊರತೆ ಕಾಣಲಿಲ್ಲ. ಸಂಜೆ ಕಾಳು ನೆನೆ ಹಾಕುತ್ತಿದ್ದಳು. ಬೆಳಿಗ್ಗೆ ನೀರು ಬಸಿದು, ಉಬ್ಬದೆ ಕಲ್ಲಿನಂತೆ ಉಳಿದ ಕಾಳುಗಳನ್ನು ಆರಿಸಿ ಎಸೆದು, ಉಳಿದದ್ದನ್ನು ಪ್ಲಾಸ್ಟಿಕ್ ಕ್ರೇಟುಗಳಿಗೆ ತುಂಬಿ ಒದ್ದೆ ಬಟ್ಟೆ ಮುಚ್ಚುತ್ತಿದ್ದಳು. ದಿನಕ್ಕೆ ಮೂರು ನಾಲ್ಕು ಸಲ ತೊಳೆಯುತ್ತಿದ್ದಳು. ಚಳಿಗಾಲದಲ್ಲಿ ಇದೇ ಕ್ರಮದಲ್ಲಿ ಮುತ್ತಿನಂಥ ಮೊಳಕೆ ಬರುತ್ತಿತ್ತು. ಹಾಗಾದರೆ ಶೆಡ್ಡಿನ ಶೀಟಿನ ಕಾವೇ ಕಾರಣವಿರಬೇಕೆಂದು ಮೇಲೆ ತೆಂಗಿನ ಗರಿ ಹೊದಿಸಿ ನೀರು ಚಿಮುಕಿಸಿದೆವು. ಅಷ್ಟರಿಂದ ಏನೂ ಆಗಲಿಲ್ಲ. ಪೇಟೆಯಿಂದ ಐಸ್ ತಂದು ತೊಳೆಯುವ ನೀರಿಗೆ ಹಾಕಿದೆವು. ಮೊಳಕೆ ಬೆಳೆಯುವುದನ್ನೇ ನಿಲ್ಲಿಸಿ ತುದಿ ಕಂದಾಯಿತು.

ಒಂದು ಮಧ್ಯಾಹ್ನ ಅಕ್ಕ ಟಾರ್ಪಾಲಿನ ಆ ಕಡೆಯಿಂದ ನನ್ನನ್ನು ಕರೆದಳು.

“ಒಸಿ ಬಾರ್ಲಾ ಇಲ್ಲಿ. ಇದ್ರೊಳಗೆ ಕೈ ಇಕ್ಕಿ ನೋಡು.”

ಕ್ರೇಟಿನ ನಡುವೆ ಮೊಣಕೈವರೆಗೆ ಕೈ ತೂರಿಸಿದೆ. ಮೇಲ್ಭಾಗ ತಣ್ಣಗಿತ್ತು, ಒಳಗೆ ಮಾತ್ರ ಜ್ವರ ಬಂದವರ ಮೈಯಂಥ ಕಾವು. ಶೀಟಿನ ಬಿಸಿ ಅಲ್ಲಿಯವರೆಗೆ ಇಳಿಯುವುದು ಸಾಧ್ಯವಿರಲಿಲ್ಲ. ಮೊಳೆಯುವ ಕಾಳೇ ಉಸಿರಾಡಿ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಚಳಿಯಲ್ಲಿ ಅದು ಆರಿಹೋಗುತ್ತಿತ್ತು. ಬಿಸಿಲಿನಲ್ಲಿ ರಾಶಿಯ ಒಳಗೇ ಕೂತು ಬೇಯಿಸುತ್ತಿತ್ತು. ಅದನ್ನೇ ಚೀಲಕ್ಕೆ ಒತ್ತಿ ತುಂಬಿ, ಬಸ್ಸಿನ ಎಂಜಿನ್ನಿನ ಪಕ್ಕ ಇಟ್ಟುಕೊಂಡು ನಾಗಮಂಗಲದವರೆಗೆ ಹೋದರೆ ಇನ್ನೇನಾಗಬೇಕು?

ಅಕ್ಕ ತನ್ನ ಪಾಡಿಗೆ ತಾನು ಯೋಚಿಸುತ್ತ, ರಾಶಿ ಹಾಕಬಾರದು, ಹರಡಬೇಕು, ಕೆಳಗಿನಿಂದಲೂ ಗಾಳಿ ಆಡಬೇಕು ಅಂದಳು. ನೀರು ಒಂದು ಹನಿಯೂ ನಿಲ್ಲಬಾರದು, ಹೋಗುವಾಗಲೂ ಹಾಗೇ ಹರಡಿಕೊಂಡೇ ಹೋಗಬೇಕು ಎಂದೂ ಸೇರಿಸಿದಳು. ಅಂದರೆ ಅವಳಿಗೆ ಬೇಕಾಗಿದ್ದದ್ದು ಒಂದರ ಮೇಲೊಂದು ತೆಳು ತಟ್ಟಿಗಳನ್ನು ಕೂರಿಸುವ ಅಟ್ಟಣೆ. ತಟ್ಟಿಯೇ ಕಳಚಿ ಬಸ್ಸಿಗೆ ಏರುವಂತಿರಬೇಕು. ಇಂಥದ್ದನ್ನು ಮಾಡುವುದು ನನ್ನ ಕಸುಬು. ನನಗೆ ಉತ್ಸಾಹ ಬಂತು.

ಮೊದಲು ಮರದಲ್ಲೇ ಮಾಡಿದೆ, ಕೈ ಪಳಗಿದ್ದು ಅದರಲ್ಲೇ ಅಲ್ಲವೆ. ಉಳಿದಿದ್ದ ಬೇವಿನ ರೀಪರು ಪಟ್ಟಿಗಳನ್ನು ಹತ್ತಿರ ಹತ್ತಿರ ಜೋಡಿಸಿ ಚೌಕಟ್ಟು ಹೊಡೆದೆ. ನೋಡಲು ಅಂದವಾಗಿತ್ತು. ದಿನವೆಲ್ಲ ನೀರು ಕುಡಿದ ರೀಪರುಗಳು ಉಬ್ಬಿಕೊಂಡು ನಡುವಿನ ಸಂದುಗಳೆಲ್ಲ ಮುಚ್ಚಿಹೋದವು. ಜೊತೆಗೆ ಬೇವಿನ ಕಹಿ ಕಾಳಿಗೆ ಇಳಿದಿತ್ತು. ಅಕ್ಕ ಒಂದು ಕಾಳು ಬಾಯಿಗೆ ಹಾಕಿಕೊಂಡವಳು ಹೊರಗೆ ಹೋಗಿ ಉಗಿದು ಬಂದಳು.

ಬಿದಿರಾದರೆ ನೀರು ಕುಡಿದು ಹಾಗೆ ಉಬ್ಬುವುದಿಲ್ಲ. ಕಿಕ್ಕೇರಿ ಕಡೆಯ ಗೌಡರೊಬ್ಬರು ಹೊಲದ ಬದುವಿನಲ್ಲಿ ಬಿದಿರ ಮೆಳೆ ಬೆಳೆಸಿದ್ದಾರೆ, ನನಗೆ ಬಿದಿರು ಕೊಡುವವರು ಅವರೇ. ಆತುರದಲ್ಲಿ ಅವರ ಹತ್ತಿರ ಹೋಗಿ ಹಸಿ ಗಳಗಳನ್ನೇ ಕಡಿಸಿಕೊಂಡು ಬಂದು, ಸೀಳಿ, ತಟ್ಟಿ ಮಾಡಿದೆ. ಮೊದಲ ದಿನ ಎಲ್ಲವೂ ಸರಿಯಾಗಿತ್ತು. ಎರಡನೆಯ ದಿನ ಬೆಳಿಗ್ಗೆ ಅಕ್ಕ ಬಟ್ಟೆ ಎತ್ತಿದಾಗ ಸೀಳುಗಳ ಗುರುತೆಲ್ಲ ಕಂದು ಕಲೆಯಾಗಿ ಬಟ್ಟೆಯ ಮೇಲೆ ಮೂಡಿತ್ತು. ಗೆಣ್ಣಿನ ಹತ್ತಿರ ಕಪ್ಪು ಬೂಷ್ಟು. ಹಸಿ ಬಿದಿರಿನಲ್ಲಿ ಸಿಹಿ ರಸವಿರುತ್ತದೆ. ಕುಟ್ಟೆಹುಳ ಬರುವುದೂ, ಬೂಷ್ಟು ಹಿಡಿಯುವುದೂ ಆ ಸಿಹಿಗೇ. ಕುರ್ಚಿಯ ಬಿದಿರಿನಲ್ಲಿ ಅದನ್ನು ಕಳೆಯುವುದು ಹೇಗೆಂದು ನನಗೆ ಗೊತ್ತಿತ್ತು, ಆದರೆ ಆ ದಾರಿ ತಿಂಗಳುಗಟ್ಟಲೆ ಉದ್ದದ್ದು. ಸೀಳುಗಳನ್ನು ಹಂಡೆಯಲ್ಲಿ ಕುದಿಸಿಯೂ ನೋಡಿದೆ. ಅವು ಬಾಗಿ ತಿರುಚಿಕೊಂಡವೇ ಹೊರತು ಕಲೆ ಬಿಡುವುದು ನಿಲ್ಲಲಿಲ್ಲ.

ಆ ಸಂಜೆ ಅಕ್ಕ ಕಾಳು ನೆನೆ ಹಾಕಲಿಲ್ಲ. ಕಾಳು ಮುಚ್ಚುವ ಹಳೆಯ ಪಂಚೆಯ ತುಂಡುಗಳನ್ನೆಲ್ಲ ಒಗೆದು ಒಣಗಿಸಿದ್ದಳು. ಅವನ್ನು ಒಂದೊಂದಾಗಿ ಮಡಿಸಿ ಟ್ರಂಕಿನೊಳಗೆ ಇಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು, ಪಾಂಡವಪುರದ ಸಂತೆಗಷ್ಟೇ ಹಾಕಿಕೊಂಡಿರುತ್ತೇನೆ, ಮಳೆಗಾಲ ಬರಲಿ ನೋಡೋಣ ಅಂದಳು. ಬೈದಿದ್ದರೆ, ಅತ್ತಿದ್ದರೆ ನನಗೆ ಏನೋ ಒಂದು ಸಮಾಧಾನವಿರುತ್ತಿತ್ತು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಭಾವನ ತಿಥಿಯ ದಿನ ಬಿಟ್ಟರೆ ನಾನು ಕೇಳಿರಲಿಲ್ಲ.

ಶೆಡ್ಡಿಗೆ ಬಂದು ಕುಳಿತೆ. ಎದುರಿಗೆ ಗೋಡೆಗೆ ಆನಿಸಿ ನಿಲ್ಲಿಸಿದ್ದ ದಪ್ಪ ಗಳಗಳ ಮೇಲೆ ಕಣ್ಣು ಹೋಯಿತು.

ಅವುಗಳ ವಿಷಯ ಹೇಳಬೇಕು. ಶ್ರೀರಂಗಪಟ್ಟಣದಲ್ಲಿ ನದಿಯ ಹತ್ತಿರ ಒಬ್ಬ ನಿವೃತ್ತ ನರ್ಸಮ್ಮ ಸಣ್ಣ ಹೋಟೆಲೊಂದನ್ನು ತೆರೆಯುವುದರಲ್ಲಿದ್ದರು. ಅಲ್ಲಿಗೆ ಬೇಕಾದ ಕುರ್ಚಿ, ಮೇಜುಗಳನ್ನೂ ಅಂಗಳಕ್ಕೆ ಒಂದು ದೊಡ್ಡ ಉಯ್ಯಾಲೆಯನ್ನೂ ನನಗೆ ಹೇಳಿದ್ದರು. ನನಗೆ ಅಲ್ಲಿಯವರೆಗೆ ಸಿಕ್ಕಿದ್ದ ಕೆಲಸಗಳಲ್ಲೆಲ್ಲ ದೊಡ್ಡದು ಅದು. ಅದಕ್ಕೆಂದೇ ಚಳಿಗಾಲದಲ್ಲಿ ಬಲಿತ ಗಳಗಳನ್ನು ಆರಿಸಿ ಕಡಿಸಿ, ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿಯ ಹರಿವಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದ್ದೆ. ಹರಿಯುವ ನೀರು ವಾರವಾರವೂ ಬಿದಿರಿನ ಸಿಹಿಯನ್ನು ಎಳೆದುಕೊಂಡು ಹೋಗುತ್ತದೆ. ಆಮೇಲೆ ತೆಗೆದು ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಕುರ್ಚಿ ಮೇಜುಗಳ ಗಳಗಳನ್ನು ಅದಾದ ಮೇಲೆ ಬೋರಾಕ್ಸ್ ಕರಗಿಸಿದ ನೀರಿನಲ್ಲೂ ಅದ್ದಿ ತೆಗೆದಿದ್ದೆ. ಹುಳಕ್ಕೆ ಅದು ಮದ್ದು. ಆ ಮದ್ದು ಕುಡಿದ ಬಿದಿರನ್ನು ತಿನ್ನುವ ವಸ್ತುವಿನ ಹತ್ತಿರ ತರುವ ಹಾಗಿಲ್ಲ. ಉಯ್ಯಾಲೆಯ ಗಳಗಳ ಸರದಿ ಮಾತ್ರ ಇನ್ನೂ ಬಂದಿರಲಿಲ್ಲ. ನದಿ ತೊಳೆದ, ನೆರಳಲ್ಲಿ ಒಣಗಿದ, ಮದ್ದು ಸೋಕದ ಬಿದಿರು ನನ್ನ ಬಳಿ ಇದ್ದದ್ದು ಅಷ್ಟೇ. ಅದನ್ನು ತೆಗೆದರೆ ಮತ್ತೆ ಅಂಥ ಬಿದಿರು ಸಿದ್ಧವಾಗಲು ಎಷ್ಟೋ ತಿಂಗಳು ಬೇಕು. ನರ್ಸಮ್ಮನ ಹೋಟೆಲು ಯುಗಾದಿ ಕಳೆದ ಕೂಡಲೇ ತೆರೆಯುವುದಿತ್ತು.

ಬೆಳಿಗ್ಗೆ ಎದ್ದು ಮೊದಲ ಗಳವನ್ನು ಮಲಗಿಸಿ ಗರಗಸ ಇಟ್ಟೆ. ಸದ್ದಿಗೆ ಅಕ್ಕ ಓಡಿ ಬಂದು ಗಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಲೇ, ಮುಟ್ಬ್ಯಾಡ ಕಣ್ಲಾ. ಉಯ್ಯಾಲೆದು ಅದು.”

“ಗೊತ್ತು, ಬುಡಕ್ಕ.”

“ಆಯಮ್ಮಂಗೆ ಏನಂತ ಏಳೀಯೆ? ನನ್ ಕಾಳ್ಗೋಸ್ಕರ ನಿನ್ ಮಾತು ಕೆಡುಸ್ಕಬ್ಯಾಡ ತಮ್ಮಯ್ಯ.”

“ನಿನ್ನ ಇನ್ನೊಂದು ಸಲ ಕರೆಯಾಕಿಲ್ಲ ಆಸ್ಟೆಲ್ನವ್ರು. ನಂಗೆ ಇನ್ನೊಂದು ಉಯ್ಯಾಲೆ ಬತ್ತದೆ. ಕೈ ತಗಿ.”

ಅವಳು ಕೈ ತೆಗೆಯಲಿಲ್ಲ. ಆಮೇಲೆ ಗಳವನ್ನು ಬಿಡುವ ಬದಲು, ಕೊಯ್ಯುವಾಗ ಅಲುಗಾಡದಂತೆ ಗಟ್ಟಿಯಾಗಿ ಅದುಮಿ ಹಿಡಿದಳು. ನಾನು ಕೊಯ್ದೆ.

ನರ್ಸಮ್ಮನಿಗೆ ಫೋನಿನಲ್ಲಿ ಹೇಳುವುದು ನನಗೆ ಸರಿ ಕಾಣಲಿಲ್ಲ. ಅವತ್ತೇ ಮಧ್ಯಾಹ್ನ ಬಸ್ಸು ಹತ್ತಿದೆ. ನಾನೇ ಬಂದು ಹೇಳುತ್ತೇನೆ ಎಂದು ಅಕ್ಕ ಹಟ ಮಾಡಿದ್ದಳು, ಕೆಲಸ ಒಪ್ಪಿಕೊಂಡವನು ನಾನು ಎಂದು ಅವಳನ್ನು ಬಿಟ್ಟು ಹೋದೆ. ಶ್ರೀರಂಗಪಟ್ಟಣದಲ್ಲಿ ಆಕೆ ಏಣಿ ಹತ್ತಿ ತಾವೇ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಇಳಿದು ಬಂದು ನೀರು ಕೊಟ್ಟರು. ನಾನು ನಡೆದದ್ದೆಲ್ಲ ಹೇಳಿದೆ. ಕುರ್ಚಿ ಮೇಜು ಹೇಳಿದ ದಿನಕ್ಕೆ ಬರುತ್ತವೆ, ಉಯ್ಯಾಲೆ ಮಾತ್ರ ಮಳೆಗಾಲ ಕಳೆಯುವವರೆಗೆ ಆಗುವುದಿಲ್ಲ ಅಂದೆ.

ಆಕೆ ಕೈಗಂಟಿದ ಬಣ್ಣವನ್ನು ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

“ನಿಮ್ಮಕ್ಕನ ಕೆಲಸ ನಿಲ್ಲಬಾರದು ಅಂತ ನನ್ನ ಕೆಲಸ ನಿಲ್ಲಿಸಿದ್ರಿ, ಅಲ್ವಾ?” ಅಂದರು.

ಸುಳ್ಳೇನಲ್ಲ ಅದು. ಹೌದಮ್ಮ ಅಂದೆ. ಅವರಿಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಉಯ್ಯಾಲೆಯನ್ನು ಬೇರೆ ಕಡೆ ನೋಡಿಕೊಳ್ಳುತ್ತೇನೆ, ಕುರ್ಚಿಗಳು ಒಂದು ದಿನವೂ ತಡವಾಗಬಾರದು ಎಂದು ಹೇಳಿ ಮತ್ತೆ ಏಣಿ ಹತ್ತಿದರು. ದೊಡ್ಡ ಕೆಲಸ ಕೊಟ್ಟವರ ಮುಂದೆ ನಾನು ಸಣ್ಣವನಾಗಿದ್ದೆ. ಹಾಗೆಂದು ಕೊಯ್ದದ್ದು ತಪ್ಪು ಎಂದು ಮಾತ್ರ ಊರಿಗೆ ಬರುವ ದಾರಿಯುದ್ದಕ್ಕೂ ಎಷ್ಟು ಯೋಚಿಸಿದರೂ ಅನಿಸಲಿಲ್ಲ.

ಆಮೇಲಿನದೆಲ್ಲ ಕೈಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಕುರ್ಚಿ, ಮಧ್ಯಾಹ್ನದಿಂದ ಕತ್ತಲಾಗುವವರೆಗೆ ತಟ್ಟಿ. ಗಳವನ್ನು ಸೀಳಿ, ಒಳಗಿನ ಮೆತ್ತನೆಯ ಭಾಗವನ್ನು ಪೂರ್ತಿ ಹೆರೆದು ತೆಗೆದೆ. ಬೂಷ್ಟು ಮೊದಲು ಹಿಡಿಯುವುದು ಅಲ್ಲಿಯೇ. ನುಣುಪಾದ ಹೊರ ಸಿಪ್ಪೆ ಮೇಲೆ ಬರುವ ಹಾಗೆ ಸೀಳುಗಳನ್ನು ಜೋಡಿಸಿದೆ. ಗೆಣ್ಣುಗಳನ್ನು ಉಳಿಯಿಂದ ಸವರಿ, ಸಿಗುರು ಬಟ್ಟೆಗೆ ಸಿಕ್ಕದಂತೆ ಉಜ್ಜಿದೆ. ಮೊಳೆ ಹೊಡೆದರೆ ಬಿದಿರು ಸೀಳುತ್ತದೆ, ಮೊಳೆಗೆ ತುಕ್ಕೂ ಹಿಡಿಯುತ್ತದೆ. ಆದ್ದರಿಂದ ಸಣ್ಣ ತೂತು ಕೊರೆದು ಬಿದಿರಿನದೇ ಗೂಟ ಬಡಿದೆ. ಅಟ್ಟಣೆಯ ಹಿಂಗಾಲುಗಳನ್ನು ಮುಂಗಾಲುಗಳಿಗಿಂತ ಒಂದು ಬೆರಳು ಎತ್ತರ ಇಟ್ಟೆ. ತೊಳೆದ ನೀರು ಅಲ್ಲಿ ಇಲ್ಲಿ ನಿಲ್ಲದೆ ಮುಂದಕ್ಕೆ ಜಾರಿ, ಒಂದು ದೋಣಿಯಂಥ ಅರ್ಧ ಸೀಳಿದ ಗಳಕ್ಕೆ ಬಿದ್ದು, ಹೊರಗಿನ ತೆಂಗಿನ ಮರದ ಬುಡಕ್ಕೆ ಹೋಗುವಂತೆ ಮಾಡಿದೆ.

ಅಕ್ಕ ನನ್ನ ಪಕ್ಕದಲ್ಲೇ ಕುಳಿತು ಒಂದೊಂದು ತಟ್ಟಿಯನ್ನೂ ಮೂಸಿ ನೋಡುತ್ತಿದ್ದಳು. ಎರಡು ಸೀಳುಗಳ ನಡುವೆ ಕಿರುಬೆರಳ ಉಗುರು ಹೋಗುವಷ್ಟು ಸಂದು ಇರಲಿ ಎಂದು ಹೇಳಿದವಳು ಅವಳೇ. ಅದಕ್ಕಿಂತ ಅಗಲವಾದರೆ ಬಟ್ಟೆ ಜೋಲುತ್ತದೆ, ಜೋತ ಕಡೆ ನೀರು ನಿಲ್ಲುತ್ತದೆ ಎನ್ನುವುದು ಅವಳ ಲೆಕ್ಕ. ನಾನು ಚೆಂದಕ್ಕೆಂದು ಅಂಚಿಗೆ ಹಗ್ಗದ ಹೆಣಿಗೆ ಹಾಕಲು ಹೊರಟಾಗ, ಹಗ್ಗ ನೀರು ಕುಡಿದು ನಾರುತ್ತದೆ ಎಂದು ಕಿತ್ತು ಹಾಕಿಸಿದಳು. ಕುರ್ಚಿ ಮಾಡುವವನಿಗೆ ಅಂಚು ಖಾಲಿ ಬಿಡುವುದು ಕಷ್ಟ. ಬಿಟ್ಟೆ.

ಹೊಸ ಅಟ್ಟಣೆಯಲ್ಲಿ ಮೊದಲ ಸಲ ಕಾಳು ಹರಡಿ ಒದ್ದೆ ಬಟ್ಟೆ ಮುಚ್ಚಿದೆವು. ಎರಡನೆಯ ದಿನ ಬೆಳಿಗ್ಗೆ ಅಕ್ಕ ಬಟ್ಟೆ ಎತ್ತಿ ನೋಡಿ, ಮತ್ತೆ ಮುಚ್ಚಿ, ಒಳಗೆ ಹೋಗಿ ನನ್ನ ಹೆಂಡತಿಯನ್ನು ಕರೆದುಕೊಂಡು ಬಂದಳು. ಇಬ್ಬರೂ ಸೇರಿ ಮತ್ತೆ ಎತ್ತಿ ನೋಡಿದರು. ನನ್ನನ್ನು ಕೊನೆಗೆ ಕರೆದರು. ಕಲೆಯಿಲ್ಲ, ಬೂಷ್ಟಿಲ್ಲ. ಕಾಳಿನ ಕೆಳಗೆ ಕೈ ಆಡಿಸಿದರೆ ತಣ್ಣಗಿತ್ತು. ಪ್ರತಿ ಹುರುಳಿಕಾಳೂ ಬಿಳಿಯ ಬಾಲವನ್ನು ಕೊಂಕಿಸಿಕೊಂಡು ಬಿದ್ದಿತ್ತು. ಅಕ್ಕ ಅವುಗಳಿಗೆ ಶಾಭಾಸ್‌ಗಿರಿ ಕೊಡಲಿಲ್ಲ. ನಾಗಮಂಗಲ ಮುಟ್ಟುವವರೆಗೆ ಹೊಗಳಬಾರದು ಅಂದಳು.

ಅಷ್ಟರಲ್ಲಿ ಕುರ್ಚಿ ಮೇಜುಗಳು ಮುಗಿದು ಶ್ರೀರಂಗಪಟ್ಟಣಕ್ಕೆ ಹೋದವು. ನರ್ಸಮ್ಮ ಒಂದೊಂದರ ಮೇಲೂ ಕುಳಿತು ನೋಡಿ ತಲೆಯಾಡಿಸಿದರು. ಅಂಗಳದಲ್ಲಿ ಹಸಿರು ಬಣ್ಣದ ಕಬ್ಬಿಣದ ಉಯ್ಯಾಲೆಯೊಂದು ನಿಂತಿತ್ತು. ನೋಡಬಾರದೆಂದರೂ ನೋಡಿದೆ. ಹೊರಡುವಾಗ ಆಕೆ, ಅದರ ಬೋಲ್ಟು ಕಿರಗುಟ್ಟುತ್ತದೆ, ನೋಡ್ತೀರಾ ಎಂದು ಕೇಳಿದರು. ಸ್ಪ್ಯಾನರು ತೆಗೆದು ಬಿಗಿ ಮಾಡಿ, ಎಣ್ಣೆ ಬಿಟ್ಟು ಕೊಟ್ಟೆ. ಕಾಫಿ ಕುಡಿದೇ ಹೋಗಬೇಕು ಅಂದರು. ನಮ್ಮಿಬ್ಬರ ನಡುವಿನ ಬಿಗುವು ಪೂರ್ತಿ ಹೋಯಿತೆಂದು ಹೇಳಲಾರೆ, ಆದರೆ ಕಾಫಿ ಬಿಸಿಯಾಗಿತ್ತು, ಆಕೆಯೂ ಎದುರಿಗೆ ಕುಳಿತು ಕುಡಿದರು.

ಹಾಸ್ಟೆಲ್ಲು ತೆರೆದ ಸೋಮವಾರ ಅಕ್ಕನ ಜೊತೆ ನಾನೂ ಹೊರಟೆ. ತಟ್ಟಿಗಳನ್ನು ಒಂದರ ಮೇಲೊಂದು ಕೂರಿಸಿ, ನಡುವೆ ಗಾಳಿಗೆ ಜಾಗ ಬಿಟ್ಟು, ಒದ್ದೆ ಬಟ್ಟೆ ಮುಚ್ಚಿ ಕಟ್ಟಿದ್ದೆವು. ಕಂಡಕ್ಟರು ಇದೇನು ತೊಟ್ಟಿಲೇ ಎಂದು ಕೇಳಿದ. ಎಂಜಿನ್ನಿನ ಹತ್ತಿರ ಬೇಡ ಎಂದು ಅಕ್ಕ ಅವನ ಹತ್ತಿರ ವಾದ ಮಾಡಿ ಹಿಂದಿನ ಕಿಟಕಿಯ ಪಕ್ಕ ಇಡಿಸಿದಳು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸುವಾಗ ನಲ್ಲಿಯಲ್ಲಿ ನೀರು ಹಿಡಿದು ಚಿಮುಕಿಸಿದಳು. ದಾರಿಯುದ್ದಕ್ಕೂ ಬಟ್ಟೆಯ ಕೆಳಗೆ ಕೈ ತೂರಿಸಿ ನೋಡುತ್ತಲೇ ಇದ್ದಳು.

ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಭಟ್ಟರು ಬಟ್ಟೆ ಸರಿಸಿ ಒಂದು ಹಿಡಿ ಕಾಳು ತೆಗೆದುಕೊಂಡು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರೂ ಎರಡು ಕಾಳು ತಿಂದು, ತಟ್ಟಿಯನ್ನು ಎತ್ತಿ ತಿರುಗಿಸಿ ನೋಡಿದರು. ಕಾಳಿಗಿಂತ ತಟ್ಟಿಯನ್ನೇ ಹೆಚ್ಚು ಹೊತ್ತು ನೋಡಿದರು. ನಂತರ ಗುರುವಾರ ಮತ್ತೆ ತನ್ನಿ ಎಂದಷ್ಟೇ ಹೇಳಿ ಆಫೀಸಿನ ಕಡೆ ಹೊರಟುಹೋದರು. ಅಕ್ಕ ಅವರ ಬೆನ್ನಿಗೆ ಕೈ ಮುಗಿದಳು.

ಭಟ್ಟರು ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ಅದೇ ಹುರುಳಿಕಾಳಿನ ಸಾರು, ಬಿಸಿ ಮುದ್ದೆ. ಹೊರಗೆ ಊಟದ ಹಾಲಿನಲ್ಲಿ ಹುಡುಗರ ತಟ್ಟೆಗಳ ಸದ್ದು. ಅಕ್ಕ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿ, ಕಣ್ಣು ಮುಚ್ಚಿಕೊಂಡಳು. ಭಟ್ಟರು ಸೌಟು ಹಿಡಿದು ಕಾಯುತ್ತಿದ್ದರು.

“ಉಪ್ಪು ಒಸಿ ಮುಂದಾಯ್ತು ಕಣಣ್ಣ,” ಅಂದಳು.

ಭಟ್ಟರು ನಕ್ಕು, ಅವಳ ತಟ್ಟೆಗೆ ಇನ್ನೊಂದು ಸೌಟು ಬಿಟ್ಟರು. ಅವಳು ಬೇಡ ಅನ್ನಲಿಲ್ಲ.

ಕೆ.ಆರ್. ಪೇಟೆಯಿಂದ ಊರಿನ ಬಸ್ಸು ಹತ್ತಿದಾಗ ಬಿಸಿಲು ಇಳಿದಿತ್ತು. ಖಾಲಿ ತಟ್ಟಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅಕ್ಕ ಭಟ್ಟರ ಸಾರಿನ ವಿಷಯ ಹೇಳುತ್ತಿದ್ದವಳು, ಮಾತಿನ ನಡುವೆಯೇ ನನ್ನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋದಳು. ಎಷ್ಟು ದಿನದಿಂದ ಸರಿಯಾಗಿ ಮಲಗಿರಲಿಲ್ಲವೋ. ನಮ್ಮೂರ ಗೇಟಿನ ಸ್ಟಾಪು ಬಂತು. ಕಂಡಕ್ಟರು ಊರಿನ ಹೆಸರು ಕೂಗಿ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿ, ಮುಂದಿನ ಸ್ಟಾಪಿಗೆ ಟಿಕೆಟು ತೆಗೆದುಕೊಂಡೆ.

ಅಲ್ಲಿ ಇಳಿದಾಗ ಅಕ್ಕ ಸುತ್ತ ನೋಡಿ ಗಾಬರಿಯಾದಳು.

“ಯಾಕ್ಲಾ ಎಬ್ಬುಸ್ಲಿಲ್ಲ?”

ನನಗೂ ಜೋಂಪು ಹತ್ತಿತ್ತು ಅಂದೆ. ಅವಳು ನಂಬಲಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ತಟ್ಟಿಗಳ ಕಟ್ಟನ್ನು ತಲೆಯ ಮೇಲೆ ಇಟ್ಟುಕೊಂಡಳು. ಕೊಡು ಎಂದರೂ ನನಗೆ ಕೊಡಲಿಲ್ಲ. ಗದ್ದೆಯ ಬದಿಯ ರಸ್ತೆಯಲ್ಲಿ ಊರಿನ ಕಡೆಗೆ ಹಿಂದಕ್ಕೆ ನಡೆಯತೊಡಗಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳೇ ನನಗಿಂತ ಮುಂದಿದ್ದಳು.

“ಬಿರ್ರನೆ ನಡೀಲಾ,” ಅಂದಳು ತಿರುಗದೆಯೇ. “ಗುರುವಾರಕ್ಕೆ ಕಾಳು ನೆನೆ ಆಕ್ಬೇಕು.”